ಮಗ್ಗದ ಪಕ್ಕದಲ್ಲಿ ಬಿಚ್ಚಿದ ಎಂಜಿನ್

‘ಎಂಜಿನ್ನಿನ ಹೊಟ್ಟೆಗೆ ಮನೆಯಲ್ಲಿ ಕೈ ಹಾಕಬೇಡಿ’ ಎಂದು ನನಗೆ ಹೇಳಿದವರು ಸಾಮಾನ್ಯರಲ್ಲ. ಸಾರಿಗೆ ಡಿಪೋ ಒಂದರಲ್ಲಿ ಮೂವತ್ತು ವರ್ಷ ಬಸ್ಸಿನ ಎಂಜಿನ್ ಬಿಚ್ಚಿ ಕೂಡಿಸಿ, ನಿವೃತ್ತರಾಗಿ ಜಮಖಂಡಿಯಲ್ಲಿ ನೆಲೆಸಿದ ಹಿರಿಯರು. ಪ್ಲಗ್ಗು ಬದಲಿಸಿಕೊಳ್ಳಿ, ಆಯಿಲ್ ಹಾಕಿಕೊಳ್ಳಿ, ಆದರೆ ಕ್ಯಾಮ್‌ಶಾಫ್ಟ್ ಮುಟ್ಟಬೇಡಿ. ಅದಕ್ಕೆ ಲಿಫ್ಟ್ ಬೇಕು, ಪುಲ್ಲರ್ ಬೇಕು, ಡಯಲ್ ಗೇಜ್ ಬೇಕು, ಧೂಳಿಲ್ಲದ ಜಾಗ ಬೇಕು, ಮನೆಯಲ್ಲಿ ಇದ್ಯಾವುದೂ ಇರುವುದಿಲ್ಲ ಎಂಬುದು ಅವರ ಮಾತು. ನಮ್ಮ ಭಾಗದಲ್ಲಿ ಗಾಡಿ ಇಟ್ಟುಕೊಂಡ ಬಹುಪಾಲು ಜನ ಇದನ್ನೇ ನಂಬುತ್ತಾರೆ. ಅವರ ಅನುಭವಕ್ಕೆ ಕೈಮುಗಿದೇ ಹೇಳುತ್ತೇನೆ, ಈ ಮಾತನ್ನು ನಾನು ಪೂರ್ತಿ ಒಪ್ಪಲಾರೆ. ಅಪಾಯ ಇದೆ ಎನ್ನುವುದು ನಿಜ. ಆ ಅಪಾಯ ಸಾಮಾನು ಕಡಿಮೆ ಇರುವುದರಿಂದ ಬರುತ್ತದೆ ಎನ್ನುವಲ್ಲಿ ನನಗೆ ತಕರಾರಿದೆ.

ಕ್ಯಾಮ್‌ಶಾಫ್ಟ್ ಎಂದರೆ ಏನು ಎಂದು ಬನಹಟ್ಟಿ, ರಬಕವಿಯ ಮಂದಿಗೆ ವಿವರಿಸಬೇಕಾಗಿಯೇ ಇಲ್ಲ. ಯಾವ ಓಣಿಯಲ್ಲಿ ನಿಂತರೂ ಕಿವಿಗೆ ಬೀಳುವ ಮಗ್ಗದ ಖಟಖಟ ಸದ್ದಿನೊಳಗೇ ಅದರ ಲೆಕ್ಕ ಇದೆ. ಪವರ್‌ಲೂಮಿನ ಮೇಲಿನ ಕ್ರ್ಯಾಂಕ್ ಶಾಫ್ಟ್ ಒಂದು ಸುತ್ತು ಹಾಕಿದರೆ ಫಣಿ ಒಂದು ಸಲ ಬಡಿಯುತ್ತದೆ, ಹೊಕ್ಕಿನ ಎಳೆ ಒಂದು ಕೂಡುತ್ತದೆ. ಅಷ್ಟರಲ್ಲಿ ಕೆಳಗಿನ ಬಾಟಮ್ ಶಾಫ್ಟ್ ತಿರುಗಿರುವುದು ಅರ್ಧ ಸುತ್ತು ಮಾತ್ರ. ಅದರ ಮೇಲಿನ ಟ್ಯಾಪೆಟ್‌ಗಳು ಹಾಸಿನ ಎಳೆಗಳನ್ನು ಮೇಲೆ ಕೆಳಗೆ ಮಾಡಿ ಲಾಳಿಗೆ ದಾರಿ ತೆರೆಯುತ್ತವೆ. ಎರಡು ಪಿಕಿಂಗ್ ಕ್ಯಾಮ್‌ಗಳು ಒಮ್ಮೆ ಎಡದಿಂದ, ಒಮ್ಮೆ ಬಲದಿಂದ ಲಾಳಿಯನ್ನು ಹೊಡೆಯುತ್ತವೆ. ಹೊಡೆತ ತುಸು ತಡವಾದರೂ ಲಾಳಿ ಆಚೆ ಮುಟ್ಟುವ ಮೊದಲೇ ದಾರಿ ಮುಚ್ಚುತ್ತದೆ. ನಡುವೆ ಸಿಕ್ಕಿಬಿದ್ದ ಲಾಳಿ ಹಾಸಿನ ನೂರಾರು ಎಳೆ ಕಡಿದು ಹಾಕುತ್ತದೆ. ಆ ಎಳೆಗಳನ್ನು ಮತ್ತೆ ಹೆಕ್ಕಿ ಗಂಟು ಹಾಕುವ ಕೆಲಸ ಮಾಡಿದವರಿಗೆ ‘ಟೈಮಿಂಗ್’ ಎಂಬ ಪದದ ಅರ್ಥ ಪುಸ್ತಕದಿಂದ ಕಲಿಯಬೇಕಿಲ್ಲ.

ಕಾರಿನ ಎಂಜಿನ್ನಿನಲ್ಲೂ ಇದೇ ಎರಡಕ್ಕೆ ಒಂದರ ಲೆಕ್ಕ. ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ ಕ್ಯಾಮ್‌ಶಾಫ್ಟ್ ಒಂದು ಸುತ್ತು. ಆ ಒಂದು ಸುತ್ತಿನಲ್ಲಿ ಪ್ರತಿ ಸಿಲಿಂಡರಿಗೆ ಹೊಸ ಗಾಳಿ ಒಳಗೆ ಬರಬೇಕು, ಉರಿದ ಹೊಗೆ ಹೊರಗೆ ಹೋಗಬೇಕು. ಬಾಗಿಲು ತೆರೆಯುವ ಕೆಲಸ ಕ್ಯಾಮಿನದು, ಬಾಗಿಲು ವಾಲ್ವು. ಹೆಸರಿನಲ್ಲಿ ಒಂದು ಸಣ್ಣ ಗೊಂದಲವಿದೆ: ಮಗ್ಗದಲ್ಲಿ ಟ್ಯಾಪೆಟ್ ಎಂದರೆ ಕ್ಯಾಮ್ ಎಂಬ ಉಬ್ಬಿದ ಗಾಲಿಯೇ, ಎಂಜಿನ್ನಿನಲ್ಲಿ ಟ್ಯಾಪೆಟ್ ಎಂದರೆ ಆ ಉಬ್ಬಿನ ಮೇಲೆ ಕುಳಿತು ಏರಿಳಿಯುವ ಬಟ್ಟಲು. ನಮ್ಮ ಮನೆಯಲ್ಲಿ ಕೆಲಸ ನಡೆದಾಗ ಈ ಒಂದು ಪದಕ್ಕೆ ಅರ್ಧ ತಾಸು ಮಾತಾಯಿತು.

ನಮ್ಮದು ಅಪ್ಪನ ಕಾಲದ ಅಂಬಾಸಿಡರ್, 1489 ಸಿಸಿ ಪೆಟ್ರೋಲ್ ಎಂಜಿನ್. ಮೂಲತಃ ಇಂಗ್ಲೆಂಡಿನ ಬಿಎಂಸಿ ಕಂಪನಿಯ ವಿನ್ಯಾಸ. ಕ್ಯಾಮ್‌ಶಾಫ್ಟ್ ತಲೆಯ ಮೇಲಿಲ್ಲ, ಬ್ಲಾಕಿನ ಒಳಗೆ ಪಕ್ಕದಲ್ಲಿದೆ. ಅಲ್ಲಿಂದ ಪುಶ್‌ರಾಡ್ ಎಂಬ ಉದ್ದ ಕಡ್ಡಿಗಳು ಮೇಲೆ ಹೋಗಿ ರಾಕರುಗಳನ್ನು ಒತ್ತುತ್ತವೆ. ಪಶ್ಚಿಮ ಬಂಗಾಳದ ಉತ್ತರಪಾರಾ ಕಾರ್ಖಾನೆಯಲ್ಲಿ 2014ರ ಮೇ ತಿಂಗಳಲ್ಲಿ ಅಂಬಾಸಿಡರ್ ತಯಾರಿಕೆ ನಿಂತಿತು. ನಮ್ಮ ಗಾಡಿ ಹೇಗೋ ನಡೆದುಕೊಂಡೇ ಬಂದಿತ್ತು. ಹೋದ ವರ್ಷ ಏರಿನಲ್ಲಿ ಎಳೆಯುವುದು ಬಿಟ್ಟಿತು. ಜೊತೆಗೆ ಕಾರ್ಬ್ಯುರೇಟರಿನಿಂದ ‘ಪಟ್ ಪಟ್’ ಎಂದು ಸೀನು. ಗ್ಯಾರೇಜಿನಲ್ಲಿ ಪ್ಲಗ್ಗು ಹೊಸದಾಯಿತು, ವೈರು ಹೊಸದಾಯಿತು, ಕಾರ್ಬ್ಯುರೇಟರ್ ಎರಡು ಸಲ ಬಿಚ್ಚಿ ತೊಳೆದದ್ದಾಯಿತು. ಸೀನು ನಿಲ್ಲಲಿಲ್ಲ.

ಪಕ್ಕದ ಮನೆಯ ಕಾಕಾ ನಲವತ್ತು ವರ್ಷ ಮಗ್ಗ ರಿಪೇರಿ ಮಾಡುವ ಜಾಬರ್ ಆಗಿ ದುಡಿದವರು. ಕಾರಿನ ಎಂಜಿನ್ ಒಂದನ್ನೂ ಬಿಚ್ಚಿದವರಲ್ಲ. ಬಾನೆಟ್ ತೆಗೆದು ಪಾನಾ ಹಿಡಿದು ನಿಂತಿದ್ದ ನನ್ನನ್ನು ನೋಡಿ ಅವರು ಹೇಳಿದ್ದು ಇಷ್ಟೇ: ‘ತಮ್ಮಾ, ಮಗ್ಗ ಕೆಟ್ರ ಮೊದಲ ಪಾನಾ ಹಿಡಿಬಾರ್ದು. ಕೈಲೆ ಒಂದ್ ಸುತ್ತ ತಿರುಗಿಸಿ ನೋಡಬೇಕು. ಎಲ್ಲಿ ಏನ್ ಏಳಾಕತ್ತೈತಿ, ಎಲ್ಲಿ ಏಳವಲ್ದು, ಅದನ್ನ ನೋಡು.’

ಅಂಬಾಸಿಡರಿಗೆ ಮುಂದಿನಿಂದ ತಿರುಗಿಸುವ ಸ್ಟಾರ್ಟಿಂಗ್ ಹ್ಯಾಂಡಲ್ ಇದೆಯಲ್ಲ, ಅದನ್ನು ಹಾಕಿದೆವು. ಮೇಲಿನ ರಾಕರ್ ಕವರ್ ತೆಗೆದೆವು. ಓಣಿಯ ತುದಿಯ ಲೇತ್ ಅಂಗಡಿಯಿಂದ ಒಂದು ವರ್ನಿಯರ್ ಕಡ ತಂದೆವು. ನಾನು ಹ್ಯಾಂಡಲ್ ನಿಧಾನಕ್ಕೆ ತಿರುಗಿಸುತ್ತ ಹೋದೆ. ಕಾಕಾ ವರ್ನಿಯರಿನ ಹಿಂದಿನ ಕಡ್ಡಿಯಿಂದ ಪ್ರತಿ ವಾಲ್ವು ಎಷ್ಟು ಕೆಳಗಿಳಿಯುತ್ತದೆ ಎಂದು ಅಳೆದು ಹೇಳಿದರು. ನನ್ನ ಮಗಳು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಎಂಟು ವಾಲ್ವು, ಎಂಟು ಅಳತೆ, ಒಂದೂವರೆ ತಾಸು. ಏಳು ಅಳತೆಗಳು ಹೆಚ್ಚುಕಡಿಮೆ ಒಂದೇ. ಐದನೆಯದು, ಅಂದರೆ ಮೂರನೇ ಸಿಲಿಂಡರಿನ ಎಗ್ಜಾಸ್ಟ್ ವಾಲ್ವು, ಸುಮಾರು ಮೂರು ಮಿಲಿಮೀಟರ್ ಕಡಿಮೆ.

ಕಾರ್ಬ್ಯುರೇಟರ್ ಯಾಕೆ ಸೀನುತ್ತಿತ್ತು ಎಂಬುದು ಅಲ್ಲಿಗೆ ಬಗೆಹರಿಯಿತು. ಎಗ್ಜಾಸ್ಟ್ ಬಾಗಿಲು ಪೂರ್ತಿ ತೆರೆಯದಿದ್ದರೆ ಉರಿದ ಹೊಗೆ ಸಿಲಿಂಡರಿನಲ್ಲೇ ಉಳಿಯುತ್ತದೆ. ಮುಂದಿನ ಗಳಿಗೆಯಲ್ಲಿ ಇನ್‌ಲೆಟ್ ಬಾಗಿಲು ತೆರೆದಾಗ ಒಳಗಿನ ಒತ್ತಡ ಅದೇ ದಾರಿಯಿಂದ ಹಿಂದಕ್ಕೆ ನುಗ್ಗುತ್ತದೆ. ಸೀನಿದ್ದು ಕಾರ್ಬ್ಯುರೇಟರ್, ನೆಗಡಿ ಇದ್ದದ್ದು ಕ್ಯಾಮಿಗೆ.

ನನ್ನ ತಕರಾರಿನ ಮುಖ್ಯ ಮಾತು ಇಲ್ಲಿದೆ. ಮೊದಲು ನೋಡಿದ ಮೆಕ್ಯಾನಿಕ್ಕರು ಕೆಲಸ ಬಾರದವರಲ್ಲ. ಅವರ ಬಳಿ ನನಗಿಂತ ಹತ್ತು ಪಾಲು ಸಾಮಾನಿದೆ. ಹಾಗಿದ್ದೂ ಈ ಅಳತೆ ಯಾಕೆ ಆಗಲಿಲ್ಲ? ಅವರ ಅಂಗಳದಲ್ಲಿ ಐದು ಗಾಡಿ ನಿಂತಿರುತ್ತವೆ, ಐವರೂ ಮಾಲೀಕರು ಸಂಜೆಯೊಳಗೆ ಬೇಕೆನ್ನುತ್ತಾರೆ. ಬದಲಿಸಿದ ಪ್ಲಗ್ಗಿಗೆ ದುಡ್ಡು ಕೊಡುವ ನಾವು, ಒಂದೂವರೆ ತಾಸು ಸುಮ್ಮನೆ ತಿರುಗಿಸಿ ಅಳೆದದ್ದಕ್ಕೆ ದುಡ್ಡು ಕೇಳಿದರೆ ಕೊಡುತ್ತೇವೆಯೇ? ನಾನು ಕೊಟ್ಟವನಲ್ಲ, ಅದು ನನ್ನ ತಪ್ಪೂ ಹೌದು. ಸಾಮಾನು ತುಂಬಿದ ಕಡೆ ಬಿಚ್ಚುವುದು ಸುಲಭ, ಹಾಗಾಗಿ ಬಿಚ್ಚಿಯೇ ನೋಡುತ್ತಾರೆ. ಸಾಮಾನು ಕಡಿಮೆ ಇದ್ದವನಿಗೆ ಒಂದೊಂದು ನಟ್ಟು ಬಿಚ್ಚುವುದೂ ಕಷ್ಟ. ಆದ್ದರಿಂದ ಅವನು ಬಿಚ್ಚುವ ಮೊದಲು ಯೋಚಿಸಲೇಬೇಕು. ಈ ಒತ್ತಾಯವನ್ನು ನಾನು ಕೊರತೆ ಎಂದು ಎಣಿಸಲಾರೆ.

ಇದೇ ಮಾತನ್ನು ಎಲ್ಲ ಕಡೆಗೂ ಅನ್ವಯಿಸಲು ಬರುವುದಿಲ್ಲ. ಮುಧೋಳದ ಕಡೆ ಕಬ್ಬಿನ ಹಂಗಾಮಿನಲ್ಲಿ ಎರಡು ಟ್ರೇಲರ್ ತುಂಬಿಕೊಂಡ ಟ್ರ್ಯಾಕ್ಟರ್ ರಸ್ತೆಯಲ್ಲಿ ನಿಂತರೆ ಒಂದೊಂದು ತಾಸಿಗೂ ಕಬ್ಬು ಒಣಗಿ ತೂಕ ಇಳಿಯುತ್ತದೆ. ಅಲ್ಲಿ ಬೇಗ ಬಿಚ್ಚಿ ಬೇಗ ಕೂಡಿಸುವ ಕೈ ಬೇಕು, ಮತ್ತು ಅಂಥ ಕೈಗಳು ಅಲ್ಲಿವೆ. ಬೀಳಗಿ ಕಡೆಯ ಹೊಳೆದಂಡೆಯಲ್ಲಿ ಬೆಳೆ ಒಣಗುತ್ತಿರುವಾಗ ಡೀಸೆಲ್ ಪಂಪು ಕೆಟ್ಟರೂ ಅಷ್ಟೆ. ಮನೆಯ ಹಳೇ ಕಾರಿಗೆ ಅಂಥ ಅವಸರವಿಲ್ಲ. ಅದು ಏಳು ಸಂಜೆ ಕಾಯಬಲ್ಲದು. ಗ್ಯಾರೇಜಿನವರ ಹತ್ತಿರ ಇಲ್ಲದ ಒಂದೇ ಒಂದು ಸಾಮಾನು ನಮ್ಮ ಹತ್ತಿರ ಇತ್ತು, ಪುರುಸೊತ್ತು.

ಬಿಚ್ಚಿದ ಬಗೆ ಹೇಳುತ್ತೇನೆ. ರೇಡಿಯೇಟರ್, ಮುಂದಿನ ಜಾಲರಿ ತೆಗೆದರೆ ಕ್ಯಾಮ್‌ಶಾಫ್ಟ್ ಮುಂದಕ್ಕೆ ಬರಲು ಜಾಗವಾಗುತ್ತದೆ. ಎಂಜಿನ್ ಇಳಿಸಬೇಕಿಲ್ಲ. ಹೆಡ್ ಕೂಡ ತೆಗೆಯಬೇಕಿಲ್ಲ, ಯಾಕೆಂದರೆ ಈ ಬ್ಲಾಕಿನ ಪಕ್ಕಕ್ಕೆ ಎರಡು ಮುಚ್ಚಳಗಳಿವೆ. ಅವನ್ನು ತೆಗೆದು ಟ್ಯಾಪೆಟ್‌ಗಳನ್ನು ಕೈಯಿಂದಲೇ ಮೇಲೆತ್ತಿ ತೆಗೆಯಬಹುದು. ರಟ್ಟಿಗೆ ಎಂಟು ತೂತು ಮಾಡಿ, ನಂಬರು ಬರೆದು, ಪುಶ್‌ರಾಡುಗಳನ್ನು ಸಾಲಾಗಿ ಚುಚ್ಚಿಟ್ಟೆವು. ನಟ್ಟು ಬೋಲ್ಟುಗಳು ಮನೆಯಲ್ಲಿದ್ದ ಕಂಡಿಕೆ ಪೆಟ್ಟಿಗೆಗಳಿಗೆ ಹೋದವು, ಒಂದೊಂದು ಪೆಟ್ಟಿಗೆಗೂ ಒಂದೊಂದು ಚೀಟಿ. ಪಾನಾಗಳು ಇಂಚಿನವೇ ಆಗಬೇಕು. ಅರ್ಧ ಇಂಚಿನ ನಟ್ಟಿಗೆ 13ರ ಪಾನಾ ಹಾಕಿದರೆ ಕೂತಂತೆ ಕಾಣುತ್ತದೆ, ಜೋರು ಹಾಕಿದಾಗ ಮೂಲೆ ಸವೆಯುತ್ತದೆ. ಮುಂದಿನ ಪುಲ್ಲಿಯ ದೊಡ್ಡ ನಟ್ಟಿಗೆ ಟ್ರ್ಯಾಕ್ಟರ್ ಇದ್ದ ಗೆಳೆಯರಿಂದ ದೊಡ್ಡ ಪಾನಾ ತಂದೆವು.

ಡಿಸ್ಟ್ರಿಬ್ಯೂಟರ್ ತೆಗೆದ ಮೇಲೆ ಅದನ್ನು ತಿರುಗಿಸುವ ಒಂದು ದಂಡ ಬ್ಲಾಕಿನ ಆಳದಲ್ಲಿ ಉಳಿಯುತ್ತದೆ. ಅದರ ಹಲ್ಲು ಕ್ಯಾಮ್‌ಶಾಫ್ಟಿನ ಹಲ್ಲಿಗೆ ಕೂಡಿರುವುದರಿಂದ ಅದು ಬರದೆ ಶಾಫ್ಟ್ ಬಾರದು. ಬೆರಳು ಹೋಗದ ಜಾಗ. ಇದಕ್ಕೊಂದು ಪುಲ್ಲರ್ ಬೇಕೇ ಬೇಕು ಎಂದುಕೊಂಡೆ. ಹಳೆಯ ಇಂಗ್ಲಿಷ್ ವರ್ಕ್‌ಶಾಪ್ ಪುಸ್ತಕ ತೆಗೆದು ಓದಿದರೆ ಅದರಲ್ಲಿ ಹೀಗಿದೆ: ಆ ದಂಡದ ತಲೆಯಲ್ಲಿ ಆಟೆ ಇದೆ, ಟ್ಯಾಪೆಟ್ ಮುಚ್ಚಳದ ಬೋಲ್ಟನ್ನೇ ಅದಕ್ಕೆ ತಿರುಗಿಸಿ ಮೇಲೆಳೆಯಿರಿ. ಅರ್ಧ ತಾಸಿನ ಹಿಂದೆ ನಾವೇ ಬಿಚ್ಚಿ ಚೀಟಿ ಹಚ್ಚಿಟ್ಟ ಬೋಲ್ಟು ಅದು. ತಿರುಗಿಸಿ ಎಳೆದೆವು, ದಂಡ ಮೆಲ್ಲಗೆ ಹೊರಳುತ್ತ ಮೇಲೆ ಬಂತು. ಎಂಜಿನ್ ಮಾಡಿದವರು ಎಂಜಿನ್ನಿನ ಒಂದು ಬೋಲ್ಟೇ ಬಿಚ್ಚುವ ಸಾಧನವಾಗುವಂತೆ ಮಾಡಿ, ಅದನ್ನು ಪುಸ್ತಕದಲ್ಲಿ ಬರೆದೂ ಇಟ್ಟಿದ್ದರು. ರಿಪೇರಿ ಮಾಡುವವನ ಬಳಿ ಸಾಮಾನು ಕಡಿಮೆ ಇರುತ್ತದೆ ಎಂದು ಮೊದಲೇ ತಿಳಿದು ಮಾಡಿದ ಕೆಲಸವಿದು. ಆ ಸಂಜೆ ನನಗಾದ ಸಂತೋಷ ಗಾಡಿ ಚಾಲೂ ಆದಾಗಲೂ ಅಷ್ಟು ಆಗಲಿಲ್ಲ.

ಆಯಿಲ್ ಪಂಪಿಗೂ ತಿರುಗು ಸಿಗುವುದು ಇದೇ ಶಾಫ್ಟಿನಿಂದ. ಹಾಗಾಗಿ ಕೆಳಗಿನ ಸಂಪ್ ಇಳಿಸಿ ಪಂಪನ್ನೂ ಬಿಡಿಸಬೇಕಾಯಿತು. ಗಾಡಿಯ ಕೆಳಗೆ ಹೋಗುವ ಕೆಲಸ ಇದೊಂದೇ, ನಾನು ಹೆದರಿದ್ದೂ ಇಲ್ಲಿಯೇ. ಬರೀ ಜಾಕಿನ ಮೇಲೆ ಎತ್ತಿದ ಗಾಡಿಯ ಕೆಳಗೆ ಯಾರೂ ಹೋಗಬಾರದು. ಜಾಕು ಎತ್ತಲಿಕ್ಕಷ್ಟೇ, ಹೊರಲಿಕ್ಕಲ್ಲ. ಕಬ್ಬಿಣದ ಸ್ಟ್ಯಾಂಡುಗಳನ್ನು ತಂದು ನಾಲ್ಕೂ ಕಡೆ ಕೊಟ್ಟು, ಗಾಡಿಯನ್ನು ಭುಜದಿಂದ ಅಲ್ಲಾಡಿಸಿ ನೋಡಿಯೇ ಒಳಗೆ ಹೋದದ್ದು.

ಶಾಫ್ಟ್ ಹೊರಗೆ ಬರುವ ಹೊತ್ತಿಗೆ ಕತ್ತಲಾಗಿತ್ತು. ಅದು ಮೂರು ಬೇರಿಂಗುಗಳ ಮೇಲೆ ಕೂತಿರುತ್ತದೆ. ಮುಂದಿನದು ದಪ್ಪ, ಹಿಂದೆ ಹೋದಂತೆ ಸಣ್ಣ. ಸೀದಾ ಎಳೆದರೆ ಕ್ಯಾಮಿನ ಅಂಚು ಬೇರಿಂಗಿನ ಮೆತ್ತನೆಯ ಲೋಹವನ್ನು ಗೀರುತ್ತದೆ. ನಾನು ಮುಂದೆ ನಿಂತು ಕಾಲು ಸುತ್ತು ತಿರುಗಿಸುತ್ತ ಒಂದು ಬೆರಳಿನಷ್ಟು ಎಳೆಯುವುದು, ಕಾಕಾ ಪಕ್ಕದ ಕಿಂಡಿಯಿಂದ ಎರಡು ಬೆರಳು ಒಳಗಿಟ್ಟು ಶಾಫ್ಟಿನ ಭಾರ ಎತ್ತಿ ಹಿಡಿಯುವುದು. ಹೊರಬಂದ ಮೇಲೆ ಒರೆಸಿ ಐದನೇ ಕ್ಯಾಮಿನ ಮೇಲೆ ಹೆಬ್ಬೆರಳು ಆಡಿಸಿದರು. ಉಳಿದವುಗಳ ತುದಿ ತತ್ತಿಯ ತುದಿಯಂತೆ ನುಣ್ಣಗೆ ಉಬ್ಬಿದೆ. ಇದರ ತುದಿ ಚಪ್ಪಟೆ, ಮೇಲೆ ಸಣ್ಣ ಸಣ್ಣ ಗುಳಿ. ‘ಇದರ ಮೂಗ ಸವದೈತಿ. ನಮ್ಮ ಪಿಕಿಂಗ್ ಕ್ಯಾಮಿಗಿ ಮೂಗಷ್ಟ ಬಿಚ್ಚಿ ಹೊಸಾದು ಹಾಕ್ತೀವಿ. ಇದಕ್ಕ ಪೂರಾ ಶಾಫ್ಟ ಬೇಕೇನು?’ ಎಂದರು. ಬೇಕು. ಕಾರಿನ ಶಾಫ್ಟಿನಲ್ಲಿ ಮೂಗು ಬೇರೆ ಬಿಡಿಭಾಗವಾಗಿ ಇಲ್ಲ.

ಇಲ್ಲಿಯವರೆಗೆ ನನ್ನ ಮಾತು ಹಿರಿಯರ ವಿರುದ್ಧವಾಗಿತ್ತು. ಇನ್ನು ನನ್ನ ಪಕ್ಷದವರಿಗೆ ಒಂದು ಮಾತು. ನಮ್ಮ ಕಡೆ ಇನ್ನೊಂದು ಗುಂಪಿದೆ. ಏನನ್ನಾದರೂ ಬಿಚ್ಚುತ್ತೇವೆ, ಹೇಗಾದರೂ ಕೂಡಿಸುತ್ತೇವೆ ಎನ್ನುವವರು. ಮಾತು ಎತ್ತಿದರೆ ಚಿಕ್ಕಪಡಸಲಗಿ ಬ್ಯಾರೇಜಿನ ಉದಾಹರಣೆ ಕೊಡುತ್ತಾರೆ. ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ಕೃಷ್ಣಾ ತೀರದ ರೈತರು ದುಡ್ಡು ಕೂಡಿಸಿ, ಮೈಮುರಿದು ದುಡಿದು 1989ರಲ್ಲಿ ನದಿಗೆ ಬ್ಯಾರೇಜು ಕಟ್ಟಿದರು. ಅದಕ್ಕೆ ಶ್ರಮಬಿಂದು ಸಾಗರ ಎಂದೇ ಹೆಸರು. ನದಿ ಕಟ್ಟಿದ ನಮಗೆ ಎಂಜಿನ್ ಯಾವ ಲೆಕ್ಕ ಎಂಬುದು ಇವರ ವಾದ. ಆ ಬ್ಯಾರೇಜಿನ ಬಗ್ಗೆ ನನಗೂ ಅಷ್ಟೇ ಹೆಮ್ಮೆ ಇದೆ. ಅದಕ್ಕಾಗಿಯೇ ಅದನ್ನು ಅಂದಾಜಿನ ಕೆಲಸಕ್ಕೆ ಸಾಕ್ಷಿ ಕರೆಯುವುದು ಸರಿಯಲ್ಲ ಎನ್ನುತ್ತೇನೆ. ಹೊಳೆಯ ಪ್ರವಾಹವನ್ನು ಯಾರೂ ಅಂದಾಜಿನಿಂದ ತಡೆದು ನಿಲ್ಲಿಸಲಾರರು. ಅಲ್ಲಿ ಸ್ವಂತದ್ದಾಗಿದ್ದದ್ದು ದುಡಿಮೆ ಮತ್ತು ದುಡ್ಡು, ಅಳತೆ ಅಳತೆಯೇ.

ಎಂಜಿನ್ನಿನಲ್ಲಿ ಅಂದಾಜು ಹೇಗೆ ಕೊಲ್ಲುತ್ತದೆ ಎಂಬುದಕ್ಕೆ ಟ್ಯಾಪೆಟ್ಟೇ ಸಾಕ್ಷಿ. ಹೊಸ ಶಾಫ್ಟಿಗೆ ಹಳೇ ಟ್ಯಾಪೆಟ್ ನಡೆಯುತ್ತದೆ ಎಂದು ಮೂವರು ನನಗೆ ಸಲಹೆ ಕೊಟ್ಟರು. ಓಡುವಾಗ ಟ್ಯಾಪೆಟ್ ಏರಿಳಿಯುವುದರ ಜೊತೆಗೆ ತನ್ನ ಸುತ್ತ ತಾನೇ ನಿಧಾನವಾಗಿ ತಿರುಗುತ್ತಲೂ ಇರಬೇಕು, ಹಾಗೆ ತಿರುಗಿದರೇ ಸವೆತ ಹಂಚಿಹೋಗುವುದು. ಹಳೇ ಶಾಫ್ಟಿನ ಮೇಲೆ ಸವೆದು ತಳ ಗುಳಿಬಿದ್ದ ಟ್ಯಾಪೆಟ್ ತಿರುಗುವುದಿಲ್ಲ. ಹೊಸ ಕ್ಯಾಮಿನ ಮೂಗನ್ನು ಅದು ಕೆಲವೇ ದಿನಗಳಲ್ಲಿ ತಿಂದುಹಾಕುತ್ತದೆ. ಎಂಟೂ ಹೊಸವೇ ಬೇಕು. ಹಾಗೆಯೇ ಟಾರ್ಕ್ ರೆಂಚ್. ಕೈಯ ಹದದಿಂದ ಬಿಗಿಮಾಡಿ ನಿಭಾಯಿಸುವ ಹಳಬರಿದ್ದಾರೆ. ಆ ಹದ ಬಂದದ್ದು ಸಾವಿರ ಬೋಲ್ಟು ಬಿಗಿ ಮಾಡಿ. ಮೊದಲ ಸಲ ಮಾಡುವವನು ಅದನ್ನು ನಂಬಿಕೊಳ್ಳಬಾರದು. ನಾವು ಹೊಸದಾಗಿ ದುಡ್ಡು ಹಾಕಿ ಕೊಂಡ ಸಾಮಾನು ಅದೊಂದೇ.

ಧೂಳಿನ ವಿಷಯದಲ್ಲಿ ಹಿರಿಯರ ಮಾತು ಪೂರ್ತಿ ನಿಜ. ಬನಹಟ್ಟಿಯಲ್ಲಿ ಮಣ್ಣಿನ ಧೂಳಿಗಿಂತ ನೂಲಿನ ಜುಂಗಿನ ಕಾಟ ಹೆಚ್ಚು. ತೆರೆದ ಬ್ಲಾಕಿನ ಮೇಲೆ ಒಂದು ರಾತ್ರಿಯಲ್ಲಿ ಬಿಳಿ ಪದರ ಕೂತಿತ್ತು. ಎಲ್ಲ ಒರೆಸಿ, ಮರುದಿನದಿಂದ ದಪ್ಪ ಪ್ಲಾಸ್ಟಿಕ್ ಕಟ್ಟಿಯೇ ಮಲಗಿದೆವು.

ಕೂಡಿಸುವಾಗ ಕ್ರ್ಯಾಂಕಿನ ಹಲ್ಲುಗಾಲಿ, ಕ್ಯಾಮಿನ ಹಲ್ಲುಗಾಲಿ ಎರಡರ ಮೇಲಿನ ಚುಕ್ಕಿಗಳು ಎದುರುಬದುರು ಬರಬೇಕು. ಇಷ್ಟೇ ಟೈಮಿಂಗ್. ಮೂರು ಸಲ ನೋಡಿದೆವು, ಕೈಯಿಂದ ಎರಡು ಸುತ್ತು ತಿರುಗಿಸಿ ಮತ್ತೆ ನೋಡಿದೆವು. ವಾಲ್ವಿನ ಸಂದು ಇಡಲು ಒಂಬತ್ತರ ಲೆಕ್ಕವಿದೆ: ಒಂದನೇ ವಾಲ್ವು ಪೂರ್ತಿ ತೆರೆದಾಗ ಎಂಟನೆಯದನ್ನು ಹೊಂದಿಸಿ, ಮೂರನೆಯದು ತೆರೆದಾಗ ಆರನೆಯದನ್ನು, ಎರಡೂ ಕೂಡಿದರೆ ಒಂಬತ್ತಾಗಬೇಕು. ಮಗಳು ಇದನ್ನು ಒಂದೇ ಸಲಕ್ಕೆ ಹಿಡಿದಳು. ಅಲ್ಲಿಂದ ಮುಂದೆ ನಂಬರು ಕೂಗಿದವಳು ಅವಳೇ.

ಮೊದಲ ಚಾಲೂ ದೊಡ್ಡ ಪರೀಕ್ಷೆ. ಹೊಸ ಕ್ಯಾಮು, ಹೊಸ ಟ್ಯಾಪೆಟ್ ಪರಸ್ಪರ ಹೊಂದಿಕೊಳ್ಳಲು ಸುಮಾರು ಇಪ್ಪತ್ತು ನಿಮಿಷ ಎಂಜಿನ್ ನಿಮಿಷಕ್ಕೆ ಎರಡು ಸಾವಿರ ಸುತ್ತಿನ ಆಸುಪಾಸಿನಲ್ಲಿ ಓಡಬೇಕು. ಇಂಥ ಎಂಜಿನ್ನಿನಲ್ಲಿ ಕ್ಯಾಮುಗಳಿಗೆ ಎಣ್ಣೆ ಸಿಗುವುದು ಬಹುಮಟ್ಟಿಗೆ ಕ್ರ್ಯಾಂಕ್ ಸಿಡಿಸಿದ ತುಂತುರಿನಿಂದ. ಐಡ್ಲಿಂಗಿನಲ್ಲಿ ಬಿಟ್ಟರೆ ಆ ತುಂತುರು ಸಾಲದು. ಹಾಗಾಗಿ ನೀರು, ಪೆಟ್ರೋಲು, ಇಗ್ನಿಷನ್ ಎಲ್ಲ ಮೊದಲೇ ಸರಿಯಾಗಿದ್ದು ಒಂದೇ ಸಲಕ್ಕೆ ಹತ್ತಬೇಕು. ಕ್ಯಾಮುಗಳಿಗೆ ಮಾಲಿಬ್ಡಿನಮ್ ಪೇಸ್ಟ್ ಸವರಿದ್ದೆವು. ಗಾಡಿ ಹತ್ತಿತು. ಇಪ್ಪತ್ತು ನಿಮಿಷ ಕಾಕಾ ಗಡಿಯಾರ ನೋಡುತ್ತ ಒಂದೂ ಮಾತಾಡದೆ ನಿಂತರು.

ಈ ಕೆಲಸ ಸಾಧ್ಯವಾದದ್ದು ಆ ಹಳೇ ಪುಸ್ತಕದಿಂದ. ಇಂದಿನ ಕಾರುಗಳ ಮಾಲೀಕರಿಗೆ ಅಂಥ ಪುಸ್ತಕ ಸಿಗುವುದಿಲ್ಲ, ನನ್ನ ನಿಜವಾದ ಸಂಕಟ ಇದು. ಬಿಡಿಭಾಗಗಳನ್ನು, ತಾಂತ್ರಿಕ ಮಾಹಿತಿಯನ್ನು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ತಡೆದದ್ದು ತಪ್ಪೆಂದು ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ ಹದಿನಾಲ್ಕು ಕಾರು ಕಂಪನಿಗಳಿಗೆ ಒಟ್ಟು 2,500 ಕೋಟಿ ರೂಪಾಯಿಗೂ ಹೆಚ್ಚು ದಂಡ ಹಾಕಿತು. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ರಿಪೇರಿಯ ಹಕ್ಕಿನ ಬಗ್ಗೆ ಸಮಿತಿ ಮಾಡಿ, ಪೋರ್ಟಲ್ ಒಂದನ್ನೂ ತೆರೆಯಿತು. ಅದರ ವ್ಯಾಪ್ತಿಯಲ್ಲಿ ಕಾರುಗಳೂ ಕೃಷಿ ಯಂತ್ರಗಳೂ ಇವೆ. ಇಷ್ಟಾದರೂ ನಮ್ಮ ಊರುಗಳಲ್ಲಿ ಚರ್ಚೆ ನಡೆಯುವುದು ಮನೆಯಲ್ಲಿ ಸಾಮಾನಿದೆಯೋ ಇಲ್ಲವೋ ಎಂಬುದರ ಮೇಲೆಯೇ. ಪುಸ್ತಕ ಕೊಟ್ಟಿದ್ದೀರಾ ಎಂದು ಕಂಪನಿಯವರನ್ನು ಕೇಳುವವರು ಕಡಿಮೆ. ಪಾನಾ ಕಡ ಸಿಗುತ್ತದೆ, ಲೇತ್ ಅಂಗಡಿ ಓಣಿಯಲ್ಲೇ ಇದೆ. ಬಿಗಿಯ ಅಳತೆ, ಸಂದಿನ ಅಳತೆ, ಬಿಚ್ಚುವ ಅನುಕ್ರಮ ಇವು ಕಡ ಸಿಗುವ ವಸ್ತುಗಳಲ್ಲ.

ಬೀಳಗಿಯ ನಮ್ಮ ಬೀಗರ ಹುಡುಗ ಈ ಸುದ್ದಿ ಕೇಳಿ ತನ್ನ ಹೊಸ ಕಾರಿನ ಕ್ಯಾಮ್ ಬಿಚ್ಚೋಣವೇ ಎಂದು ಬಂದ. ಬೇಡ ಎಂದೆ. ಅದರಲ್ಲಿ ಎರಡು ಕ್ಯಾಮ್‌ಶಾಫ್ಟ್. ಎಣ್ಣೆಯ ಒತ್ತಡದಿಂದ ಓಡುತ್ತಿರುವಾಗಲೇ ಟೈಮಿಂಗ್ ಬದಲಾಗುವ ಏರ್ಪಾಡು. ಅಂಥ ಹಲವು ಎಂಜಿನ್ನುಗಳಲ್ಲಿ ಹಲ್ಲುಗಾಲಿ ಜಾರದಂತೆ ತಡೆಯುವ ಬೆಣೆಯೂ ಇರುವುದಿಲ್ಲ, ಬೋಲ್ಟಿನ ಬಿಗಿಯೊಂದೇ ಅದನ್ನು ಹಿಡಿದಿರುತ್ತದೆ. ಲಾಕ್ ಮಾಡುವ ಸಾಧನವಿಲ್ಲದೆ, ಪುಸ್ತಕವಿಲ್ಲದೆ ಸಡಿಲಿಸಿದರೆ ಚುಕ್ಕಿ ಹುಡುಕಲು ಚುಕ್ಕಿಯೇ ಇರುವುದಿಲ್ಲ. ಅವನಿಗೆ ಬೇಸರವಾಯಿತು. ನನಗೂ ಆಯಿತು.

ಜಮಖಂಡಿಯ ಹಿರಿಯರು ಮೊನ್ನೆ ನಮ್ಮಲ್ಲಿಗೆ ಬಂದಿದ್ದರು. ಗಾಡಿ ಚಾಲೂ ಮಾಡಿಸಿದರು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ರಾಕರ್ ಕವರಿಗಿಟ್ಟು, ಹಿಡಿಕೆಯನ್ನು ಕಿವಿಗೆ ಹಚ್ಚಿ, ಕಣ್ಣು ಮುಚ್ಚಿ ಬಹಳ ಹೊತ್ತು ಕೇಳಿದರು. ಆಮೇಲೆ ಮಗಳ ನೋಟ್‌ಬುಕ್ ಕೇಳಿ ತೆಗೆದುಕೊಂಡು ಒಂದೊಂದೇ ಹಾಳೆ ತಿರುವಿದರು. ಅಭಿಪ್ರಾಯ ಬದಲಿಸಲಿಲ್ಲ. ‘ನಿಮಗ ಆಗೈತಿ, ಎಲ್ಲಾರಿಗೂ ಆಗೂದಿಲ್ರಿ’ ಎಂದರು. ಹೊರಡುವಾಗ ಮೆಟ್ಟಿಲ ಮೇಲೆ ನಿಂತು, ‘ಏಳನೇದ ಸಂದ ಒಮ್ಮೆ ನೋಡ್ರಿ, ಸ್ವಲ್ಪ ಜಾಸ್ತಿ ಇದ್ದಂಗೈತಿ’ ಎಂದರು. ಮರುದಿನ ಬೆಳಿಗ್ಗೆ ಕವರ್ ತೆಗೆದು ಫೀಲರ್ ಗೇಜ್ ಹಾಕಿ ನೋಡಿದೆ. ಜಾಸ್ತಿಯೇ ಇತ್ತು.